ಎಡಗಡೆ ಒಂದು ಬೆರಳು ಕಮ್ಮಿ

ಫೆಬ್ರವರಿ ೬

ಅಕ್ಕಾ,

ಈ ಕಾಗದದ ಜೊತೆಗೇ ಪಾರ್ಸೆಲ್ ಕೂಡ ಬಂದಿರುತ್ತದೆ. ಅದನ್ನು ಆಮೇಲೆ ಬಿಚ್ಚು, ಮೊದಲು ನನ್ನ ಬೈಗುಳ ತಿನ್ನು.

ಫೋನ್ ಯಾಕೆ ಎತ್ತುವುದಿಲ್ಲ ನೀನು? ಯಾವಾಗ ಮಾಡಿದರೂ ಭಾವನೇ ಎತ್ತುತ್ತಾರೆ. "ನಿಮ್ಮಕ್ಕ ಮಿಷಿನ್ ಮುಂದೆ ಕೂತಿದಾಳಮ್ಮಾ, ಆಮೇಲೆ ಮಾಡ್ತಾಳೆ" ಅನ್ನುತ್ತಾರೆ. ಆ ಆಮೇಲೆ ಇವತ್ತಿನವರೆಗೂ ಬಂದಿಲ್ಲ. ಅದರ ಬದಲು ಗುಂಡುಗುಂಡು ಅಕ್ಷರದಲ್ಲಿ 'ನಾನು ಚೆನ್ನಾಗಿದ್ದೇನೆ' ಎಂದು ಕಾಗದ ಬರುತ್ತದೆ. ಈ ಕಾಲದಲ್ಲಿ ಯಾರಾದರೂ ಅಂಚೆಯಲ್ಲಿ ಕ್ಷೇಮಸಮಾಚಾರ ಬರೆಯುತ್ತಾರಾ? ಆದರೂ ನಿನ್ನ ದಾರಿಗೇ ಬಂದು ನಾನೂ ಬರೆಯುತ್ತಿದ್ದೇನೆ ನೋಡು.

ಪಾರ್ಸೆಲ್ಲಿನಲ್ಲಿ ನಿನ್ನ ಹುಟ್ಟುಹಬ್ಬದ ಲಂಗ ಇದೆ. ಟೈಲರಾದವರು ತಮ್ಮ ಬಟ್ಟೆ ತಾವು ಹೊಲಿದುಕೊಳ್ಳಬಾರದು ಎಂದು ಅಪ್ಪ ಅಂಗಡಿಯಲ್ಲಿ ಹಾಕಿದ ಕಟ್ಟಳೆಯನ್ನು ನಾವಿಬ್ಬರೂ ಇನ್ನೂ ಮುರಿದಿಲ್ಲ. ನನಗೆ ನೀನು, ನಿನಗೆ ನಾನು. ಮಾತು ಬಿಟ್ಟ ವರ್ಷವೂ ಬಟ್ಟೆ ಮಾತ್ರ ಬಂದಿದೆ, ಹೋಗಿದೆ.

ಈ ಸಲ ಅಳತೆ ತೆಗೆದದ್ದು ಭಾವ ಎಂದು ನೀನು ಬರೆದಿದ್ದೆ. ಅದನ್ನು ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಜೀವಮಾನವೆಲ್ಲ ಬಸ್ಸಿನ ಸ್ಟೇರಿಂಗ್ ಹಿಡಿದ ಕೈಗೆ ಟೇಪು ಕೊಟ್ಟರೆ ಇನ್ನೇನಾಗುತ್ತದೆ? ಸೊಂಟದಿಂದ ನೆಲಕ್ಕೆ ಬಲಗಡೆ ಒಂದು ಅಳತೆ, ಎಡಗಡೆ ಒಂದು ಬೆರಳು ಕಮ್ಮಿ! ನಾನೇ ಎರಡೂ ಕಡೆ ಸಮ ಮಾಡಿ ಹೊಲಿದಿದ್ದೇನೆ. ಭಾವನಿಗೆ ಹೇಳು, ಬಸ್ಸನ್ನು ಹೀಗೆ ಒಂದು ಬೆರಳು ವಾಲಿಸಿ ಓಡಿಸಿದ್ದರೆ ಸೀದಾ ಚರಂಡಿಗೆ ಹೋಗುತ್ತಿದ್ದರು ಎಂದು.

ಸೊಂಟದ ಕೀಲಿನ ನೋವು ಹೇಗಿದೆ? ದೊಡ್ಡಾಸ್ಪತ್ರೆಯ ಮೂಳೆ ಡಾಕ್ಟರಿಗೆ ತೋರಿಸುತ್ತೇನೆ ಅಂದಿದ್ದೆಯಲ್ಲ, ತೋರಿಸಿದೆಯಾ? ಮುಚ್ಚುಮರೆ ಇಲ್ಲದೆ ಬರೆ.

ನಿನ್ನ
ಸೂಜಿ


ಫೆಬ್ರವರಿ ೧೭

ಸೂಜಿ,

ಅಪ್ಪ ನಿನಗೆ ಆ ಹೆಸರನ್ನು ಸುಮ್ಮನೆ ಇಡಲಿಲ್ಲ. ಚುಚ್ಚದೆ ನಿನಗೆ ಮಾತೇ ಹೊರಡುವುದಿಲ್ಲ. ನಿನ್ನ ಕಾಗದವನ್ನು ಎಂದಿನ ಹಾಗೆ ಇವರೇ ಓದಿ ಹೇಳಿದರು, ನಾನು ಶರ್ಟಿನ ಗುಂಡಿಗೆ ಕಾಜ ಹೊಲಿಯುತ್ತಾ ಕೇಳಿದೆ. ಚರಂಡಿಯ ಸಾಲು ಬಂದಾಗ ಇವರೂ ನಕ್ಕರು.

ಲಂಗ ತುಂಬಾ ಚೆನ್ನಾಗಿದೆ ಕಣೇ. ನೂಲು ಹಿಡಿದ ಹಾಗೆ ಕೂತಿದೆ. ಆ ನೀಲಿ ಬಣ್ಣ ಎಲ್ಲಿ ಸಿಕ್ಕಿತು?

ಡಾಕ್ಟರಿಗೆ ತೋರಿಸಿದೆ. ತೊಡೆಸಂದಿನಲ್ಲಿ ಮೂಳೆಗೂ ಮೂಳೆಗೂ ನಡುವೆ ಒಂದು ಮೆತ್ತನೆ ಪದರ ಇರುತ್ತದಂತೆ, ನನ್ನದು ಸವೆದು ಹೋಗಿದೆಯಂತೆ. ಬಟ್ಟೆಯ ಒಳಗಿನ ಅಸ್ತರು ಹರಿದು ಹೋದಂತೆ ಅಂತಿಟ್ಟುಕೋ. ಮಾತ್ರೆ ನುಂಗಬಹುದು, ವ್ಯಾಯಾಮ ಮಾಡಬಹುದು, ಊರುಗೋಲು ಹಿಡಿಯಬಹುದು. ಯಾವುದಕ್ಕೂ ಬಗ್ಗದಿದ್ದರೆ ಆ ಕೀಲನ್ನೇ ತೆಗೆದು ಲೋಹದ್ದು ಕೂರಿಸುತ್ತಾರಂತೆ.

ಆಮೇಲೆ ಕೇಳಿದ್ದೇ ಕೇಳಿದ್ದು. "ಮಂಚದಿಂದ ಏಳೋಕೆ ಕಷ್ಟಾನಾ?" ಇಲ್ಲ ಅಂದೆ. ಮಂಚದ ಕಾಲಿಗೆ ಇವರು ಮರದ ತುಂಡು ಕೊಟ್ಟು ಎತ್ತರಿಸಿದ್ದಾರೆ, ಯಾವ ಕಷ್ಟ? "ಶೂ ಹಾಕ್ಕೊಳ್ಳೋಕೆ?" ಇಲ್ಲ. ಹಿಂದಿನ ಪಟ್ಟಿ ಕತ್ತರಿಸಿದ ಚಪ್ಪಲಿ ಇದೆ, ಸುಮ್ಮನೆ ಕಾಲು ತೂರಿಸಿದರೆ ಆಯಿತು. "ಬಗ್ಗೋದು?" ಬಗ್ಗುವ ಪ್ರಸಂಗವೇ ಬರುವುದಿಲ್ಲ. ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿಕೊಟ್ಟಿದ್ದಾರೆ, ನೆಲಕ್ಕೆ ಬಿದ್ದ ಗುಂಡುಸೂಜಿಗಳು ತಾವೇ ಎದ್ದು ಬರುತ್ತವೆ! ಗಿರಾಕಿಗಳ ಬಟ್ಟೆಗೆ ಬಾಲ್ಕನಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಸುತ್ತೇವೆ. ಬಟ್ಟೆ ಮೇಲೆ ಬರುತ್ತದೆ, ಹೊಲಿದದ್ದು ಕೆಳಗೆ ಹೋಗುತ್ತದೆ. ಬೀದಿಯ ಮಕ್ಕಳಿಗೆ ಅದೇ ಒಂದು ತಮಾಷೆ.

ಡಾಕ್ಟರು ಎಕ್ಸ್‌ರೇಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. "ಇದನ್ನ ನೋಡಿದ್ರೆ ನೀವು ಕೂಗಾಡ್ತಾ ಇರಬೇಕಿತ್ತು. ಆದ್ರೆ ನಾನು ಎಕ್ಸ್‌ರೇಗೆ ಆಪರೇಷನ್ ಮಾಡಲ್ಲಮ್ಮ, ಮನುಷ್ಯರಿಗೆ ಮಾಡ್ತೀನಿ. ಬದುಕೋಕೆ ತೊಡಕಾಗ್ತಿದೆ ಅಂತ ನಿಮಗೇ ಅನ್ನಿಸಿದಾಗ ಬನ್ನಿ. ನಿರ್ಧಾರ ನಿಮ್ಮದು" ಅಂದರು. ತೊಡಕೇನಿಲ್ಲ ಅಂದೆ, ಬಂದೆ.

ಇಷ್ಟೇ ಸಮಾಚಾರ. ನೀನು ಹೊತ್ತು ಹೊತ್ತಿಗೆ ಊಟ ಮಾಡು. ಒಬ್ಬಳೇ ಇದ್ದೇನೆ ಎಂದು ಬ್ರೆಡ್ಡು ತಿಂದು ಮಲಗಬೇಡ.

ನಿನ್ನ ಅಕ್ಕ
ಕತ್ತರಿ


ಮಾರ್ಚ್ ೨

ಅಕ್ಕಾ,

ನಿನ್ನೆ ಒಬ್ಬ ಮೇಷ್ಟ್ರು ಹೊಸ ಪ್ಯಾಂಟನ್ನು ವಾಪಸ್ ತಂದರು. ಎಡಗಾಲು ನೆಲ ಗುಡಿಸುತ್ತದೆ ಎಂದು ದೂರು. ನನ್ನ ಹೊಲಿಗೆಯಲ್ಲಿ ತಪ್ಪಾ ಎಂದು ಜಗಳಕ್ಕೇ ನಿಂತೆ. ಆಮೇಲೆ ಅವರನ್ನು ನಿಲ್ಲಿಸಿ ಎರಡೂ ಬದಿ ಅಳೆದೆ. ಎಡಗಡೆ ಒಂದು ಬೆರಳು ಕಮ್ಮಿ. "ಸೊಂಟದ ಕೀಲು ಸವೆದಿದೆ ಕಣಮ್ಮಾ, ಕಾಲು ಗಿಡ್ಡ ಆಗ್ತಾ ಬಂದಿದೆ" ಅಂದರು. ಟೇಪು ಹಿಡಿದುಕೊಂಡು ಹಾಗೇ ಕೂತುಬಿಟ್ಟೆ.

ಭಾವ ಸರಿಯಾಗೇ ಅಳೆದಿದ್ದರು. ಎರಡೂ ಬದಿ ಅಳೆಯಬೇಕು, ಯಾರ ಮೈಯೂ ಎರಡು ಕಡೆ ಒಂದೇ ಇರುವುದಿಲ್ಲ ಎಂದು ಅಪ್ಪ ಬಡಿದು ಬಡಿದು ಕಲಿಸಿದ್ದನ್ನು ನಾನು ಮರೆತೆ. ಬಸ್ ಡ್ರೈವರನ್ನು ನೋಡಿ ನಕ್ಕೆ. ನಾನು ಸಮ ಮಾಡಿ ಹೊಲಿದ ಲಂಗ ನಿನ್ನ ಮೈಮೇಲೆ ಸಮ ಕೂರಲು ಸಾಧ್ಯವೇ ಇಲ್ಲ ಅಕ್ಕಾ. ನೂಲು ಹಿಡಿದ ಹಾಗೆ ಕೂತಿದೆ ಎಂದು ಹೇಗೆ ಬರೆದೆ?

ನಿನ್ನ ಹಿಂದಿನ ಕಾಗದವನ್ನು ಮತ್ತೆ ತೆಗೆದು ಓದಿದೆ. ಮಂಚ ಎತ್ತರಿಸಿದೆ, ಚಪ್ಪಲಿ ಕತ್ತರಿಸಿದೆ, ಬುಟ್ಟಿ ಇಳಿಸಿದೆ. ಡಾಕ್ಟರ ಮುಂದೆ ಒಂದೂ ಸುಳ್ಳು ಹೇಳದೆ ಎಲ್ಲವನ್ನೂ ಮುಚ್ಚಿಟ್ಟೆ. ಗಿರಾಕಿಯ ಗೂನು ಕಾಣದ ಹಾಗೆ ಕೋಟಿಗೆ ಹತ್ತಿ ತುಂಬಿ ಹೊಲಿಯುವುದು ನಮ್ಮ ಕಸುಬು. ಅದನ್ನೇ ಇಡೀ ಮನೆಗೆ ಮಾಡಿದ್ದೀಯ.

ಬೇರೇನೂ ಬರೆಯಬೇಡ. ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡು. ನಿನ್ನ ಕಾಲಿನ ಮೇಲೆ ನೀನು ಬೀದಿಗೆ ಇಳಿದು ಎಷ್ಟು ದಿನವಾಯಿತು?

ಸೂಜಿ


ಮಾರ್ಚ್ ೧೫

ಸೂಜಿ,

ಹೊಸ ವರ್ಷಕ್ಕೆ ಮುಂಚೆ ಇಳಿದಿದ್ದು. ಸಮಾಧಾನವಾಯಿತಾ?

ಡಾಕ್ಟರ ಹತ್ತಿರ ಹೋದದ್ದು ಕುರ್ಚಿಯಲ್ಲಿ. ಇವರು ಒಂದು ಕಡೆ, ಇಸ್ತ್ರಿ ಅಂಗಡಿಯವನು ಇನ್ನೊಂದು ಕಡೆ ಹಿಡಿದು ಮೂರು ಮಹಡಿ ಇಳಿಸಿದರು. ಬಾಗಿಲು ಬಾಗಿಲಲ್ಲೂ ಜನ. "ಮೆರವಣಿಗೆ ಜೋರಾಗಿದೆ" ಎಂದು ಎರಡನೇ ಮಹಡಿಯ ಮುದುಕ ನಕ್ಕ. ನಾನೂ ನಕ್ಕೆ. ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ. ಇನ್ನೊಮ್ಮೆ ಹಾಗೆ ಇಳಿಯಲಾರೆ ಎಂದು ಆವತ್ತೇ ಅಂದುಕೊಂಡೆ.

ಫೋನಿನಲ್ಲಿ ಮಾತಾಡಿದರೆ ನೀನು ಹಿಡಿದುಬಿಡುತ್ತೀಯ. ಕೂತಲ್ಲಿಂದ ಏಳುವಾಗ ನನಗೆ ಗೊತ್ತಿಲ್ಲದೆ ಬಾಯಿಂದ ಒಂದು ಸದ್ದು ಬರುತ್ತದೆ. ಕಾಗದದಲ್ಲಿ ಅದು ಕೇಳಿಸುವುದಿಲ್ಲ. ಅದಕ್ಕೇ ಈ ಅಂಚೆಯ ಆಟ.

ಹೇಗಿದ್ದೇನೆ ಅಂತ ಕೇಳುತ್ತೀಯಲ್ಲ. ಬಾಲ್ಕನಿಯಲ್ಲಿ ನಿಂತರೆ ಎದುರು ಬೀದಿಯ ಬಟ್ಟೆ ಅಂಗಡಿ ಕಾಣುತ್ತದೆ. ಅಲ್ಲಿ ಬಟ್ಟೆಯ ಹೊಸ ಥಾನು ಬಂದಾಗ ಬಿಚ್ಚಿ ಹೊರಗೆ ನೇತುಹಾಕುತ್ತಾರೆ. ಬಣ್ಣ ಕಾಣುತ್ತದೆ, ಬಟ್ಟೆ ಹೇಗಿದೆ ತಿಳಿಯುವುದಿಲ್ಲ. ಮುಟ್ಟದೆ ಬಟ್ಟೆ ಆರಿಸುವವಳು ಎಂಥ ಟೈಲರು? ಇವರನ್ನು ಕಳಿಸುತ್ತೇನೆ, ಇವರು ಏನೋ ಒಂದು ತರುತ್ತಾರೆ, ಚೆನ್ನಾಗಿದೆ ಅನ್ನುತ್ತೇನೆ. ಒಮ್ಮೊಮ್ಮೆ ಈ ಮನೆಯ ನಾಲ್ಕು ಗೋಡೆಗಳೂ ಬಿಗಿಯಾಗಿ ಹೊಲಿದ ರವಿಕೆಯಂತೆ ಹಿಡಿಯುತ್ತವೆ. ಉಸಿರು ಬಿಡಲು ಜಾಗವಿಲ್ಲ.

ಹಾಗಾದರೆ ಆಪರೇಷನ್ ಮಾಡಿಸಿಕೋ ಅನ್ನುತ್ತೀಯ. ನನಗೆ ಭಯ ಕಣೇ. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ಜೀವನವೆಲ್ಲ ಕತ್ತರಿ ಆಡಿಸಿದವಳು ನಾನು. ಒಂದು ಸಲ ಕತ್ತರಿಸಿದ್ದನ್ನು ಮತ್ತೆ ಮೊದಲಿನಂತೆ ಮಾಡಲು ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಟ್ಟೆ ಕೆಟ್ಟರೆ ಗಿರಾಕಿಗೆ ಬೇರೆ ಕೊಡಬಹುದು. ಆ ಮೂಳೆ ಕತ್ತರಿಸಿ ಎಸೆದ ಮೇಲೆ ಹೊಸದು ಒಗ್ಗದಿದ್ದರೆ? ಕೀವಾದರೆ? ಈಗ ಕುಂಟಿಕೊಂಡಾದರೂ ಬಚ್ಚಲಿಗೆ ಹೋಗುತ್ತೇನೆ, ಆಗ ಅದೂ ಇಲ್ಲದಿದ್ದರೆ?

ಇವರೂ ಅದನ್ನೇ ಹೇಳುತ್ತಾರೆ. "ಅವಸರ ಏನಿದೆ, ನಾನಿದೀನಲ್ಲ" ಅನ್ನುತ್ತಾರೆ. ಪಾಪ, ನನ್ನ ಉಗುರು ಕೂಡ ಇವರೇ ಕತ್ತರಿಸುತ್ತಾರೆ. ಮಕ್ಕಳಿಲ್ಲದ ಮನೆಯಲ್ಲಿ ನಾನೇ ಮಗು ಆಗಿಬಿಟ್ಟಿದ್ದೇನೆ.

ಇನ್ನು ಈ ವಿಷಯ ಎತ್ತಬೇಡ.

ಅಕ್ಕ


ಮಾರ್ಚ್ ೨೪

ಅಕ್ಕಾ,

ಈ ಕಾಗದವನ್ನು ಭಾವನಿಂದ ಓದಿಸಬೇಡ. ಮಿಷಿನ್ ನಿಲ್ಲಿಸಿ ನೀನೇ ಓದು.

ನಿನ್ನ ಭಯ ನನಗೆ ಅರ್ಥವಾಗುತ್ತದೆ. ಅರ್ಥವಾಗದೆ ಇರುವುದು ಭಾವ. ನಿನಗೆ ನೋವಾಗದಂತೆ ನೋಡಿಕೊಳ್ಳುತ್ತಾರೆ, ಒಪ್ಪಿದೆ. ಆದರೆ ನಿನ್ನನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಮಾತು ಅವರ ಬಾಯಲ್ಲಿ ಒಂದು ಸಲವಾದರೂ ಬಂತಾ? ರಿಟೈರಾದ ಮೇಲೆ ಆ ಮನುಷ್ಯನಿಗೆ ಮಾಡಲು ಒಂದು ಕೆಲಸ ಇರಲಿಲ್ಲ. ಈಗ ನೀನು ಸಿಕ್ಕಿದ್ದೀಯ. ಹೇಳಲು ನಾಲಿಗೆ ಬರುವುದಿಲ್ಲ, ಆದರೂ ಹೇಳುತ್ತೇನೆ. ಭಾವನಿಗೆ ನೀನು ಕುಂಟುತ್ತಾ ಇರುವುದೇ ಬೇಕಾಗಿದೆ. ನೀನು ಎದ್ದು ನಡೆದರೆ ಅವರನ್ನು ಕೇಳುವವರು ಯಾರು?

ಸಿಟ್ಟು ಬಂದರೆ ಬೈದು ಬರೆ. ಸುಮ್ಮನಿರಬೇಡ.

ಸೂಜಿ


ಏಪ್ರಿಲ್ ೩

ಸೂಜಮ್ಮನಿಗೆ ಭಾವನ ಆಶೀರ್ವಾದಗಳು.

ನಾನು ಕಾಗದ ಬರೆದು ಅಭ್ಯಾಸವಿಲ್ಲ. ಬಸ್ಸಿನ ಲಾಗ್ ಶೀಟ್ ಬರೆದು ಗೊತ್ತು ಅಷ್ಟೇ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನ ಕಾಗದವನ್ನು ನಾನೇ ಒಡೆದೆ. ಯಾವಾಗಲೂ ನಾನೇ ಒಡೆಯುವುದು, ನಿನಗೂ ಗೊತ್ತು. ಕನ್ನಡಕ ಹಾಕಿಕೊಂಡು ಜೋರಾಗಿ "ಅಕ್ಕಾ" ಎಂದು ಶುರು ಮಾಡಿ ಆಗಿತ್ತು, ಆಮೇಲೆ ಮೊದಲ ಸಾಲು ಕಣ್ಣಿಗೆ ಬಿತ್ತು. ನಿಮ್ಮಕ್ಕ ಗುಂಡಿ ಹಚ್ಚುತ್ತಾ "ಹೂಂ, ಮುಂದೆ?" ಅಂದಳು. ಏನು ಮಾಡಲಿ? ಯೂನಿಫಾರ್ಮ್ ಕೆಲಸ ಜಾಸ್ತಿ ಇದೆಯಂತೆ, ನೆಗಡಿ ಬಂದಿತ್ತಂತೆ, ಅಕ್ಕನ ಆರೋಗ್ಯ ನೋಡಿಕೊಳ್ಳಿ ಅಂದಿದ್ದಾಳೆ ಎಂದು ಓದುತ್ತಾ ಹೋದೆ. ಅವಳಿಗೆ ಓದಿದ್ದು ಒಂದು, ನನ್ನ ಕಣ್ಣ ಮುಂದೆ ಇದ್ದದ್ದು ಒಂದು. ಸಂಜೆ ಆ ಕಾಗದವನ್ನು ಹರಿದು ಹಾಕಿದೆ.

ಮೂವತ್ತು ವರ್ಷ ಬಸ್ ಓಡಿಸಿದೆ. ಒಂದು ಮಧ್ಯಾಹ್ನವೂ ಮನೆಯಲ್ಲಿ ಊಟ ಮಾಡಿದವನಲ್ಲ. ಅವಳಿಗೆ ಜ್ವರ ಬಂದಾಗಲೂ ನಾನು ರೂಟಿನಲ್ಲಿದ್ದೆ. ಈಗ ಅವಳ ಪಕ್ಕ ಕೂತು ಟೀ ಮಾಡಿ ಕೊಡುತ್ತೇನೆ. ಅದು ತಪ್ಪು ಎಂದು ನೀನು ಬರೆದೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಕಂಡಕ್ಟರ್ ನಡೆದುಕೊಂಡೇ ಆಪರೇಷನ್‌ಗೆ ಹೋದ, ವಾಪಸ್ ಬರಲಿಲ್ಲ. ಅವನದು ಬೇರೆ ಕಾಯಿಲೆ ಇರಬಹುದು, ನನಗೆ ಅಷ್ಟು ತಿಳಿಯದು. ನಿಮ್ಮಕ್ಕ ಕುಂಟುತ್ತಾಳೆ, ಆದರೆ ಇದ್ದಾಳೆ. ನನಗೆ ಅಷ್ಟು ಸಾಕು.

ಸ್ವಲ್ಪ ದಿನ ಅವಳಿಗೆ ಬರೆಯಬೇಡ. ಬರೆದರೆ ಓದುವವನು ನಾನೇ.

ಇಂತಿ,
ನಿನ್ನ ಭಾವ


ಜೂನ್ ೨೦

ಸೂಜಿ,

ಎರಡು ತಿಂಗಳ ಮೇಲಾಯಿತು, ನಿನ್ನ ಕೈಯಿಂದ ಒಂದು ಸಾಲಿಲ್ಲ. ಈ ವಿಷಯ ಎತ್ತಬೇಡ ಅಂದೆ, ನಿಜ. ಬೇರೆ ವಿಷಯವೇ ಇಲ್ಲವಾ ಜಗತ್ತಿನಲ್ಲಿ? ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಬಾಲ್ಕನಿಗೆ ಹೋಗುತ್ತೇನೆ. ನಾನು ತಲುಪುವಷ್ಟರಲ್ಲಿ ಅವನು ಬೀದಿ ದಾಟಿರುತ್ತಾನೆ.

ನೋವು ಈಗ ಮಲಗಿದಾಗಲೂ ಬಿಡುವುದಿಲ್ಲ. ಮಗ್ಗುಲು ಬದಲಿಸಬೇಕಾದರೆ ಇವರನ್ನು ಎಬ್ಬಿಸಬೇಕು. ಇವರು ಎದ್ದು ಕಾಲು ಹಿಡಿದು ತಿರುಗಿಸುತ್ತಾರೆ, ಬೇಸರ ಮಾಡಿಕೊಳ್ಳುವುದಿಲ್ಲ. ಒಮ್ಮೊಮ್ಮೆ ಬೇಸರ ಮಾಡಿಕೊಳ್ಳಲಿ ಅನ್ನಿಸುತ್ತದೆ. ಒಂದು ಸಲ ರೇಗಿ "ಸಾಕಾಯ್ತು ಮಾರಾಯ್ತಿ" ಅಂದಿದ್ದರೆ ನಾನೂ ಏನಾದರೂ ಮಾಡುತ್ತಿದ್ದೆನೋ ಏನೋ.

ಬರೆ.

ಅಕ್ಕ


ಜುಲೈ ೧

ಅಕ್ಕಾ,

ಶಾಲೆ ಶುರುವಾಗುವ ಕಾಲ, ಕೆಲಸ ಜಾಸ್ತಿ ಇತ್ತು. ಬೇರೇನಿಲ್ಲ.

ನನ್ನದೇ ಒಂದು ತಾಪತ್ರಯ. ಪಿತ್ತಕೋಶದಲ್ಲಿ ಕಲ್ಲಾಗಿದೆ, ತೆಗೆಯಲೇಬೇಕು ಅಂದಿದ್ದಾರೆ. ಇಪ್ಪತ್ತೆರಡಕ್ಕೆ ಆಸ್ಪತ್ರೆಗೆ ಸೇರಬೇಕು. ಜೊತೆಗೆ ಮನೆಯವರು ಯಾರು ಬರುತ್ತಾರೆ ಎಂದು ಕೇಳಿದರು. ಅಕ್ಕ ಬರುತ್ತಾಳೆ ಅಂದುಬಿಟ್ಟೆ. ಬಾಯಿಂದ ತಾನಾಗಿ ಬಂತು.

ನಿನ್ನಿಂದ ಆಗುವುದಿಲ್ಲ ಎಂದರೆ ಈಗಲೇ ಹೇಳಿಬಿಡು. ಪಕ್ಕದ ಅಂಗಡಿಯವಳಿಗೆ ಹೇಳುತ್ತೇನೆ. ಆದರೆ ನೀನೇ ಬಂದರೆ ಚೆನ್ನಾಗಿತ್ತು ಅಕ್ಕಾ. ನನಗೂ ಭಯ.

ಸೂಜಿ


ಜುಲೈ ೮

ಸೂಜಿ,

ಬರುತ್ತೇನೆ. ಎರಡು ಮಾತ್ರೆ ಜಾಸ್ತಿ ನುಂಗಿದರೆ ಆಯಿತು. ಟಿಕೆಟ್ ತರಲು ಇವರನ್ನು ಕಳಿಸಿದ್ದೇನೆ. ಪಕ್ಕದ ಅಂಗಡಿಯವಳಿಗೆ ಹೇಳಬೇಡ, ನಾನೇನು ಸತ್ತಿದ್ದೇನಾ?

ಅಕ್ಕ


ಜುಲೈ ೩೦

ಅಕ್ಕಾ,

ಮನೆಗೆ ಬಂದಿದ್ದೇನೆ, ಚೆನ್ನಾಗಿದ್ದೇನೆ. ಪಕ್ಕದ ಅಂಗಡಿಯವಳು ಗಂಜಿ ಕೊಟ್ಟು ಹೋದಳು. "ನಿಮ್ಮಕ್ಕ ಬರೋಕಾಗಲಿಲ್ಲ, ಮೆಟ್ಟಿಲಲ್ಲಿ ಸ್ವಲ್ಪ ತೊಂದ್ರೆ ಆಯ್ತು" ಎಂದು ಭಾವ ಫೋನ್ ಮಾಡಿದ್ದರು. ಬಿದ್ದೆಯಾ? ಪೆಟ್ಟಾಯಿತಾ? ಎಷ್ಟು ಕೇಳಿದರೂ "ಬಿದ್ದಿಲ್ಲ" ಅಂದರೇ ಹೊರತು ಇನ್ನೊಂದು ಮಾತು ಹೊರಡಲಿಲ್ಲ.

ಆಪರೇಷನ್ ಮುಗಿದು ಎಚ್ಚರವಾದಾಗ ಬಾಗಿಲ ಕಡೆ ನೋಡಿದೆ. ನೀನು ಬಂದಿರುವುದಿಲ್ಲ ಎಂದು ಗೊತ್ತಿದ್ದೂ ನೋಡಿದೆ. ಸುಳ್ಳೇಕೆ ಹೇಳಲಿ, ತುಂಬಾ ಸಿಟ್ಟು ಬಂತು. ನಿನ್ನ ಮೇಲೋ, ಆ ಮೂರು ಮಹಡಿಯ ಮೇಲೋ ಗೊತ್ತಿಲ್ಲ.

ನನ್ನನ್ನೂ ಕತ್ತರಿಸಿದರು, ಹೊಲಿದರು. ಹೊಲಿಗೆ ನೋಡಿಕೊಂಡೆ. ಪರವಾಗಿಲ್ಲ, ಅಪ್ಪ ಆಗಿದ್ದರೆ ಇನ್ನೂ ಸಣ್ಣದಾಗಿ ಹಾಕುತ್ತಿದ್ದರು. ನಿನ್ನದಕ್ಕೂ ನನ್ನದಕ್ಕೂ ಹೋಲಿಕೆ ಇಲ್ಲ, ಗೊತ್ತು. ಆದರೂ ನಿನಗೆ ಹೇಳಬೇಕು ಅನ್ನಿಸಿತು.

ಸೂಜಿ


ಆಗಸ್ಟ್ ೯

ಸೂಜಿ,

ಬಿದ್ದಿಲ್ಲ. ಬಿದ್ದಿದ್ದರೇ ವಾಸಿಯಿತ್ತು ಅನ್ನಿಸುತ್ತದೆ. ಏನಾಯಿತು ಎಂದು ಬರೆಯುತ್ತೇನೆ, ಪೂರ್ತಿ ಓದು.

ಆವತ್ತು ಬೆಳಿಗ್ಗೆ ನೀಲಿ ಲಂಗ ಉಟ್ಟು ಹೊರಟೆ. ಕುರ್ಚಿ ಬೇಡ ಅಂದೆ. ಇಸ್ತ್ರಿಯವನು ಬಂದು ನಿಂತಿದ್ದ, ಅವನನ್ನೂ ಕಳಿಸಿಬಿಟ್ಟೆ. ನನ್ನ ತಂಗಿಯನ್ನು ನೋಡಲು ನನ್ನ ಕಾಲಿನ ಮೇಲೇ ಹೋಗುತ್ತೇನೆ ಎಂಬ ಹಟ. ಇವರು ಚೀಲ ಹಿಡಿದು ಮುಂದೆ, ನಾನು ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು ಹಿಂದೆ. ಒಂದು ಮಹಡಿ ಹೇಗೋ ಹಲ್ಲು ಕಚ್ಚಿಕೊಂಡು ಇಳಿದೆ. ಮೆಟ್ಟಿಲು ತಿರುಗುವ ಕಡೆ ಚಿಕ್ಕದೊಂದು ಅಂಕಣ ಇದೆಯಲ್ಲ, ಅಲ್ಲಿ ಕಾಲು ಹಿಡಿದುಕೊಂಡಿತು. ಮುಂದಕ್ಕೆ ಇಡಲೂ ಆಗದು, ಹಿಂದಕ್ಕೆ ಎತ್ತಲೂ ಆಗದು. ಜೀವ ಬಾಯಿಗೆ ಬಂದಂತಾಗಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಇವರು ಓಡಿಹೋಗಿ ದಿಂಬು ತಂದು ಕೊಟ್ಟರು. "ಸ್ವಲ್ಪ ಸುಧಾರಿಸ್ಕೋ, ಇನ್ನೂ ಹೊತ್ತಿದೆ" ಅಂದರು. ಆಮೇಲೆ ನೀರು ತಂದರು, ಮಾತ್ರೆ ತಂದರು. ಇಸ್ತ್ರಿಯವನನ್ನು ಹುಡುಕಿಕೊಂಡು ಹೋದರು, ಅವನು ಬಟ್ಟೆ ಕೊಡಲು ಎಲ್ಲಿಗೋ ಹೋಗಿದ್ದ. ಜನ ನನ್ನ ಪಕ್ಕದಲ್ಲೇ ಹತ್ತಿದರು, ಇಳಿದರು. ಮುಟ್ಟದ ಹಾಗೆ ಬಟ್ಟೆ ಎತ್ತಿಕೊಂಡು ದಾಟಿದರು. ನಮ್ಮ ರೈಲು ಹೋಗುವ ಹೊತ್ತು ಹೋಯಿತು. ಇಬ್ಬರೂ ಅದರ ಮಾತೆತ್ತಲಿಲ್ಲ. ಇವರು ಮನೆಗೆ ಹೋಗಿ ಟೀ ಮಾಡಿಕೊಂಡು ಬಂದರು. ಸೆಕೆ ಎಂದು ಟೇಬಲ್ ಫ್ಯಾನ್ ತಂದು ಮೇಲಿನಿಂದ ವೈರ್ ಎಳೆದರು. ರೇಡಿಯೋ ತಂದರು. ಬೇಜಾರಾಗುತ್ತದೆ ಎಂದು ಕಾಜ ಹೊಲಿಯುವ ಶರ್ಟುಗಳನ್ನೂ ತಂದು ತೊಡೆ ಮೇಲೆ ಇಟ್ಟರು.

ನಾನು ಹೊಲಿದೆ ಕಣೇ! ಅಲ್ಲಿ ನೀನು ಹೊಟ್ಟೆ ಕೊಯ್ಸಿಕೊಳ್ಳಲು ಒಬ್ಬಳೇ ಹೋಗುತ್ತಿದ್ದರೆ, ಇಲ್ಲಿ ನಾನು ಮೆಟ್ಟಿಲ ಮೇಲೆ ಫ್ಯಾನ್ ಹಾಕಿಕೊಂಡು, ಹಾಡು ಕೇಳಿಕೊಂಡು ಕಾಜ ಹೊಲಿಯುತ್ತಿದ್ದೆ. ದಿಂಬು ಮೆತ್ತಗಿತ್ತು. ಟೀ ಹದವಾಗಿತ್ತು. ನೋವು ಕೂಡ ಸ್ವಲ್ಪ ಇಳಿದಿತ್ತು. ಅಲ್ಲೇ ಇದ್ದುಬಿಡಬಹುದು ಅನ್ನಿಸಿತು ನೋಡು, ಆಗ ನನಗೆ ಮೈ ತಣ್ಣಗಾಯಿತು. ಆಪರೇಷನ್ನಿಗೂ ನಾನು ಅಷ್ಟು ಹೆದರಿರಲಿಲ್ಲ.

ಅಷ್ಟರಲ್ಲಿ ಇವರು ಅಂಕಣದ ಅಗಲ ನೋಡಿ, "ಇಲ್ಲಿ ಒಂದು ಸಣ್ಣ ಕುರ್ಚಿ ಖಾಯಂ ಹಾಕಿಸ್ಬಹುದು. ಇಳಿಯೋವಾಗ ದಣಿವಾದ್ರೆ ಕೂತ್ಕೋಬಹುದು" ಅಂದರು. ಪಾಪ, ಒಳ್ಳೆ ಮನಸ್ಸಿನಿಂದಲೇ ಅಂದರು. ನಾನು ಅಂಗಿಗಳನ್ನೆಲ್ಲ ಕೆಳಗೆ ಎಸೆದುಬಿಟ್ಟೆ. "ರೀ, ನನಗೆ ಕುರ್ಚಿ ಬೇಡ, ಕಾಲು ಬೇಕು" ಎಂದು ಕೂಗಿದೆ. ಮೂರು ಮಹಡಿಗೂ ಕೇಳಿಸಿರಬೇಕು.

ಇವರು ಅಂಗಿಗಳನ್ನು ಒಂದೊಂದಾಗಿ ಹೆಕ್ಕಿ ಮಡಿಸಿದರು. ಆಮೇಲೆ ನನ್ನ ಕೆಳಗಿನ ಮೆಟ್ಟಿಲಲ್ಲಿ ಬೆನ್ನು ಹಾಕಿ ಕೂತರು.

"ನಿನ್ನ ತಂಗಿ ಮಾರ್ಚಿನಲ್ಲಿ ಒಂದು ಕಾಗದ ಬರೆದಿದ್ದಳು. ನಾನು ನಿನಗೆ ಬೇರೆ ಓದಿದೆ" ಅಂದರು.

ಎಲ್ಲವನ್ನೂ ಹೇಳಿದರು. ಹರಿದು ಹಾಕಿದರೂ ಒಂದಕ್ಷರ ಮರೆತಿರಲಿಲ್ಲ. ನಾನು ಕೇಳಿದೆ, "ಅವಳು ಬರೆದದ್ದು ಸುಳ್ಳು ತಾನೇ?"

ಇವರು ಮಡಿಸಿದ್ದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದರು. ಆಮೇಲೆ ಅಂದರು, "ಪೂರ್ತಿ ಸುಳ್ಳು ಅನ್ನೋಕೆ ಬಾಯಿ ಬರ್ತಿಲ್ಲ. ನೀನು ನಡೆಯೋಕೆ ಶುರು ಮಾಡಿದ್ಮೇಲೆ ನಾನು ಯಾರಿಗೆ ಟೀ ಮಾಡ್ಲಿ?"

ಸೂಜಿ, ನನಗೆ ಇವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಬೆನ್ನ ಮೇಲೆ ಕೈ ಇಟ್ಟೆ. ನಾನು ಮನೆಯಲ್ಲಿ ಸಿಕ್ಕಿಹಾಕಿಕೊಂಡೆ ಅಂದುಕೊಂಡಿದ್ದೆ. ನನ್ನ ಜೊತೆ ಇವರೂ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಹೊಳೆದೇ ಇರಲಿಲ್ಲ. "ಎಲ್ಲಿಗೆ ಹೋಗ್ತೀನಿ ನಾನು? ನಡೆಯೋ ಹೆಂಡತಿಗೂ ಟೀ ಬೇಕು ಕಣ್ರೀ" ಅಂದೆ. ಸಂಜೆ ಇಸ್ತ್ರಿಯವನು ಬಂದ ಮೇಲೆ ಇಬ್ಬರೂ ಸೇರಿ ನನ್ನನ್ನು ಮೇಲಕ್ಕೆ ಹೊತ್ತರು.

ನೀನು ಬಾಗಿಲ ಕಡೆ ನೋಡಿದೆ ಎಂದು ಬರೆದೆಯಲ್ಲ, ಈ ಸಲ ನಿನ್ನ ಕಾಗದವನ್ನು ನಾನೇ ಓದಿದೆ. ಆ ಸಾಲು ಬಂದಾಗ ಮುಂದೆ ಓದಲಾಗಲಿಲ್ಲ.

ಅಕ್ಕ


ಸೆಪ್ಟೆಂಬರ್ ೧೪

ಸೂಜಿ,

ಡಾಕ್ಟರ ಹತ್ತಿರ ಹೋಗಿ ಬಂದೆವು. ಕುರ್ಚಿಯಲ್ಲೇ. ಮುದುಕ ಮತ್ತೆ ಮೆರವಣಿಗೆ ಅಂದ, ನಾನು ಅವನಿಗೆ ಕೈ ಬೀಸಿದೆ.

ಈ ಸಲ ಡಾಕ್ಟರು ಕೇಳಿದ್ದಕ್ಕೆಲ್ಲ ಬೇರೆ ಉತ್ತರ ಕೊಟ್ಟೆ. ಮಂಚದ ಕೆಳಗಿನ ಮರದ ತುಂಡು, ಕತ್ತರಿಸಿದ ಚಪ್ಪಲಿ, ಅಯಸ್ಕಾಂತ, ಬುಟ್ಟಿ, ಮೆಟ್ಟಿಲ ಫ್ಯಾನು, ಎಲ್ಲವನ್ನೂ ಬಿಚ್ಚಿಟ್ಟೆ. ನಾನು ಏನಾದರೂ ಬಿಟ್ಟರೆ ಇವರು ಪಕ್ಕದಿಂದ ಸೇರಿಸುತ್ತಿದ್ದರು. "ಮಗ್ಗುಲು ಬದಲಿಸೋಕೂ ಆಗಲ್ಲ ಡಾಕ್ಟ್ರೇ, ನಾನೇ ತಿರುಗಿಸ್ತೀನಿ" ಎಂದೂ ಇವರೇ ಅಂದರು. ಡಾಕ್ಟರು ಪೆನ್ನು ಕೆಳಗಿಟ್ಟು "ಹೋದ ಸಲ ಬಂದಿದ್ದವರು ನಿಮ್ಮ ಅಕ್ಕತಂಗಿ ಯಾರಾದ್ರೂನಾ?" ಅಂದರು. ಮೂವರೂ ನಕ್ಕೆವು.

ಆಮೇಲೆ ನಾನೂ ಕೇಳಿದೆ. ಕೀವಾದರೆ? ರಕ್ತ ಹೆಪ್ಪುಗಟ್ಟಿದರೆ? ಕೀಲು ಜಾರಿದರೆ? ಯಾವುದನ್ನೂ ಆಗುವುದೇ ಇಲ್ಲ ಅನ್ನಲಿಲ್ಲ. ಅಪರೂಪ, ಆದರೆ ಆಗಬಹುದು ಅಂದರು. ಅದನ್ನು ಕೇಳಿ ಯಾಕೋ ಅವರ ಮೇಲೆ ನಂಬಿಕೆ ಬಂತು. ಹೊಸ ಕೀಲು ಕೂತ ಮೇಲೆ ಗಿಡ್ಡವಾದ ಕಾಲೂ ಹೆಚ್ಚುಕಮ್ಮಿ ಸಮ ಆಗುತ್ತದಂತೆ. ಮರುದಿನವೇ ನಿಲ್ಲಿಸಿ ನಡೆಸುತ್ತಾರಂತೆ. ಮೆಟ್ಟಿಲು ಹತ್ತುವುದನ್ನೂ ಕಲಿಸಿಯೇ ಮನೆಗೆ ಕಳಿಸುವುದಂತೆ. ಏರುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಕೆಟ್ಟ ಕಾಲು ಮುಂದೆ. ಇವರು ಅದನ್ನು ಈಗಲೇ ಬಾಯಿಪಾಠ ಮಾಡಿ ಬೆಳಗ್ಗೆ ಸಂಜೆ ನನ್ನ ತಲೆ ತಿನ್ನುತ್ತಿದ್ದಾರೆ.

ಅಕ್ಟೋಬರ್ ಐದಕ್ಕೆ ದಿನ ಕೊಟ್ಟಿದ್ದಾರೆ. ಜೊತೆಗೆ ಯಾರು ಬರುತ್ತಾರೆ ಎಂದು ನನ್ನನ್ನೂ ಕೇಳಿದರು. ಏನು ಹೇಳಿದೆ ಎಂದು ನಿನಗೆ ಗೊತ್ತು.

ಭಯ ಹೋಗಿಲ್ಲ, ಹೋಗಿದೆ ಎಂದು ತಿಳಿಯಬೇಡ. ಬಟ್ಟೆಗೆ ಕತ್ತರಿ ಇಡುವ ಮುಂಚೆ ಈಗ ಎರಡೆರಡು ಸಲ ಅಳೆಯುತ್ತೇನೆ. ರದ್ದು ಮಾಡಿಬಿಡಲಾ ಎಂದು ದಿನಕ್ಕೊಮ್ಮೆ ಅನ್ನಿಸುತ್ತದೆ. ಅದಕ್ಕೇ ಇವತ್ತು ಒಂದು ಕೆಲಸ ಮಾಡಿದೆ.

ನೀಲಿ ಲಂಗ ನೂಲು ಹಿಡಿದ ಹಾಗೆ ಕೂತಿದೆ ಎಂದು ಬರೆದಿದ್ದೆನಲ್ಲ, ಅದು ಹೇಗೆ ಎಂದು ನೀನು ಕೇಳಿದ್ದೆ. ಪಾರ್ಸೆಲ್ ಬಿಚ್ಚಿದ ದಿನವೇ ಎಡಗಡೆಯ ಅಂಚನ್ನು ಒಂದು ಬೆರಳು ಒಳಗೆ ಮಡಿಸಿ ಹೊಲಿದುಕೊಂಡಿದ್ದೆ. ಅಪ್ಪನ ಕಟ್ಟಳೆ ಮುರಿದು ನನ್ನ ಬಟ್ಟೆಗೆ ನಾನೇ ಸೂಜಿ ಹಾಕಿದ್ದೆ. ಇವತ್ತು ಮಧ್ಯಾಹ್ನ ಕೂತು ಆ ಮಡಿಕೆ ಬಿಚ್ಚಿದೆ, ನೂಲು ಕಿತ್ತೆ, ಇಸ್ತ್ರಿ ಹಾಕಿದೆ. ನೀನು ಹೊಲಿದು ಕಳಿಸಿದಾಗ ಹೇಗಿತ್ತೋ ಹಾಗೇ ಇದೆ, ಎರಡೂ ಕಡೆ ಸಮ.

ಉಟ್ಟು ನೋಡಿದೆ. ಎಡಗಡೆ ನೆಲಕ್ಕೆ ಎಳೆಯುತ್ತದೆ, ಒಂದು ಹೆಜ್ಜೆ ಇಡಲೂ ಆಗುವುದಿಲ್ಲ. ಮಡಿಸಿ ಬೀರುವಿನಲ್ಲಿಟ್ಟಿದ್ದೇನೆ. ನೀನು ಬಂದಾಗ ಅದನ್ನು ಆಸ್ಪತ್ರೆಯ ಚೀಲಕ್ಕೆ ಹಾಕಿಕೋ. ವಾಪಸ್ ಬರುವಾಗ ಅದನ್ನೇ ಉಡುತ್ತೇನೆ.

ನಿನ್ನ ಅಕ್ಕ
ಕತ್ತರಿ